ಕಬ್ಬಿಣದ ಭೀಮ

ಹತ್ತನಾವಧಿ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ದೀಪಾವಳಿ ಸಮೀಪಿಸುವ ತನಕ ಈ ಅಂಕಣಕ್ಕೆ ಒದಗುವ ದಾರಿದ್ರ್ಯವನ್ನು ನಿತ್ಯದ ಓದುಗರು ಬಲ್ಲರು. ಮಂದಾರ್ತಿಯ ವೇಷಧಾರಿ ಗದ್ದೆಗೆ ಇಳಿದಿರುತ್ತಾನೆ, ಮಾರಣಕಟ್ಟೆಯ ಮದ್ದಳೆಗಾರ ಮದ್ದಳೆಯನ್ನು ಅಟ್ಟಕ್ಕೇರಿಸಿ ಬೇರೊಂದು ಉದ್ಯೋಗ ಹಿಡಿದಿರುತ್ತಾನೆ. ಆದರೆ ಸಂಪಾದಕರಿಗೆ ಆಷಾಢವೆಂಬುದಿಲ್ಲ. ಈ ವಾರ, ಮುಂಡಾಸನ್ನು ಚೌಕಿಯಲ್ಲಿ ಕುಳಿತು ಹೊಸದಾಗಿ ಕಟ್ಟಿಕೊಳ್ಳುತ್ತಿದ್ದ ಹಿಂದಿನ ಪದ್ಧತಿಯನ್ನು ಕುರಿತು ಬರೆಯುವೆನೆಂದು ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಬೆಂಗಳೂರಿನಿಂದ ಬಂದ ನನ್ನ ಸೋದರಳಿಯನೊಬ್ಬನು ಚಾವಡಿಯಲ್ಲಿ ಕುಳಿತು ತನ್ನ ಗಾಲ್ಫ್ ವ್ಯಸನದ ದುಃಖವನ್ನು ತೋಡಿಕೊಂಡದ್ದರಿಂದ, ಮುಂಡಾಸು ಮುಂದೆ ಹೋಯಿತು.

ಅವನ ದುಃಖವಿಷ್ಟು. ಮೊದಲ ವರ್ಷ ಯಾರನ್ನೂ ಕೇಳದೆ ಕೋಲು ಬೀಸಿದಾಗ ಚೆಂಡು ಹೇಗೋ ನೆಟ್ಟಗೆ ಹೋಗುತ್ತಿತ್ತು. ಅನಂತರ ಗುರುವೊಬ್ಬರನ್ನು ಹಿಡಿದ. ಅವರು ಅವನ ಬೀಸನ್ನು ಚಲನಚಿತ್ರವಾಗಿ ಹಿಡಿದು, ತುಂಡುತುಂಡಾಗಿ ನಿಲ್ಲಿಸಿ, ಮಣಿಕಟ್ಟು ಬಾಗಿದ ಕೋನ, ಸೊಂಟ ತಿರುಗಿದ ಪ್ರಮಾಣ, ಮೊಣಕೈ ದೇಹದಿಂದ ದೂರ ಸರಿದ ಅಪರಾಧ ಮೊದಲಾದುವನ್ನೆಲ್ಲ ತೋರಿಸಿಕೊಟ್ಟರು. ಈಗ ಅವನಿಗೆ ಎಲ್ಲವೂ ತಿಳಿದಿದೆ. ಚೆಂಡು ಮಾತ್ರ ಹೋಗುವುದಿಲ್ಲ. ಅಂಗಳದಲ್ಲಿ ನಿಂತು ಕೊಡೆಯ ಹಿಡಿಯಿಂದಲೇ ತೋರಿಸಿದ: ತಲೆ ಬಗ್ಗಿಸಿ ನಿಂತವನು ಬೆರಳುಗಳನ್ನು ಒಂದೊಂದಾಗಿ ಸರಿಪಡಿಸಿಕೊಂಡು, ಮೊಣಕಾಲನ್ನು ಸ್ವಲ್ಪ ಮಡಿಸಿ, ಅದು ಹೆಚ್ಚಾಯಿತೆಂದು ಮತ್ತೆ ನೀಡಿ, ಕೋಲನ್ನೆತ್ತುವುದೋ ಬೇಡವೋ ಎಂಬಂತೆ ಅಲ್ಲಿಯೇ ಸ್ತಂಭೀಭೂತನಾದ. “ಮಾವ, ನಿಮ್ಮ ಆಟದವರೂ ಹೀಗೆಯೇ ಕಲಿಯುತ್ತಾರೆಯೆ?” ಎಂದು ಕೇಳಿದ. ಅವನಿಗೆ ಗೊತ್ತಿರಲಿಲ್ಲ, ಬ್ರಹ್ಮಾವರದಿಂದ ಬೈಂದೂರಿನ ತನಕ ನಮ್ಮ ಚೌಕಿಗಳಲ್ಲಿ ಐವತ್ತು ವರ್ಷಗಳಿಂದ ನಡೆಯುತ್ತಿರುವ ಜಗಳದ ಬುಡಕ್ಕೇ ತಾನು ಕೈಹಾಕಿದನೆಂದು.

ಕಂಡು ಕಲಿಯಬೇಕೆನ್ನುವವರು, ಶಾಸ್ತ್ರ ಹೇಳಿ ಕಲಿಸಬೇಕೆನ್ನುವವರು ಎಂಬ ಈ ಎರಡು ಪಕ್ಷಗಳು ಗಾಲ್ಫಿನವರಲ್ಲಿಯೂ ಬಹು ಹಿಂದಿನಿಂದ ಇವೆ. ಅಮೆರಿಕೆಯ ಬಾಬಿ ಜೋನ್ಸ್ ಬಾಲ್ಯದಲ್ಲಿ ಅಟ್ಲಾಂಟದ ಈಸ್ಟ್ ಲೇಕ್ ಮೈದಾನದಲ್ಲಿ, ಸ್ಕಾಟ್ಲೆಂಡಿನಿಂದ ಬಂದಿದ್ದ ಸ್ಟೂವರ್ಟ್ ಮೇಡನ್ ಎಂಬ ಆಟಗಾರನ ಹಿಂದೆ ಸುತ್ತಿ ಸುತ್ತಿ, ಪಾಠವೆಂಬುದನ್ನು ಹೇಳಿಸಿಕೊಳ್ಳದೆ, ಅವನ ಬೀಸನ್ನು ಕಣ್ಣಿನಿಂದಲೇ ಕದ್ದವನು. 1930ರಲ್ಲಿ ಅಂದಿನ ನಾಲ್ಕು ಮಹಾಸ್ಪರ್ಧೆಗಳನ್ನೂ ಒಂದೇ ವರ್ಷದಲ್ಲಿ ಗೆದ್ದವನು. ಅರ್ನೆಸ್ಟ್ ಜೋನ್ಸ್ ಎಂಬ ಆಂಗ್ಲ ಶಿಕ್ಷಕನು ಮೊದಲನೆಯ ಮಹಾಯುದ್ಧದಲ್ಲಿ ಬಲಗಾಲನ್ನು ಕಳೆದುಕೊಂಡು, ಒಂಟಿಕಾಲಿನಲ್ಲಿಯೇ ಮೈದಾನಕ್ಕೆ ಮರಳಿ ಮೊದಲಿನಷ್ಟೇ ಚೆನ್ನಾಗಿ ಹೊಡೆಯಬಲ್ಲೆನೆಂಬುದನ್ನು ಕಂಡುಕೊಂಡ ಮೇಲೆ, ಕಾಲು ಸೊಂಟಗಳ ಶಾಸ್ತ್ರವನ್ನೆಲ್ಲ ಬದಿಗಿಟ್ಟು, ಕರವಸ್ತ್ರದ ತುದಿಗೆ ಚಿಕ್ಕ ಚೂರಿಯೊಂದನ್ನು ಕಟ್ಟಿ ತೂಗಿ ತೋರಿಸಿ, ಬೀಸೆಂದರೆ ಇಷ್ಟೇ ಎಂದು ಶಿಷ್ಯರಿಗೆ ಹೇಳುತ್ತಿದ್ದನಂತೆ. ಎದುರುಪಕ್ಷದ ಸೂತ್ರಗ್ರಂಥವೆಂದರೆ ಬೆನ್ ಹೋಗನ್ 1957ರಲ್ಲಿ ಪ್ರಕಟಿಸಿದ ಐದು ಪಾಠಗಳ ಪುಸ್ತಕ; ನನ್ನ ಅಳಿಯನ ಗುರುವಿನ ಗುರುಪರಂಪರೆಯೆಲ್ಲ ಅಲ್ಲಿಂದ ಹೊರಟದ್ದೆಂದು ತಿಳಿಯಬಹುದು. ಆದರೆ ಆ ಹೋಗನ್ ಮಹಾಶಯನು ಕಲಿತದ್ದೆಲ್ಲಿ? ಟೆಕ್ಸಾಸಿನ ಫೋರ್ಟ್ ವರ್ತಿನಲ್ಲಿ, ಹುಡುಗನಾಗಿದ್ದಾಗ, ಇತರರ ಚೀಲ ಹೊರುವ ಕ್ಯಾಡಿಯಾಗಿ! ನಮ್ಮ ಬೆಂಗಳೂರಿನಲ್ಲಿಯೂ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಗೆದ್ದುದನ್ನು ಅಳಿಯನೇ ಹೇಳಿದ. ಹೇಳಿ, ತಾನೇ ಸ್ವಲ್ಪ ಹೊತ್ತು ಸುಮ್ಮನಾದ.

ಅದೇ 1957ರಲ್ಲಿ ನಮ್ಮ ಕೋಟದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ವೂ ಬಂದಿತು, 1959ರಲ್ಲಿ ಅಕಾದೆಮಿಯ ಪುರಸ್ಕಾರವನ್ನೂ ಪಡೆಯಿತು. ನಮ್ಮ ಕಡೆಯ ಶಾಸ್ತ್ರಪಕ್ಷವು ತಲೆಯೆತ್ತಿ ನಡೆಯತೊಡಗಿದ್ದು ಆ ಗ್ರಂಥದ ಬಲದಿಂದ. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರವು ಸ್ಥಾಪಿತವಾಯಿತು. 1975ರಲ್ಲಿ ಸಾಲಿಗ್ರಾಮದ ಮಕ್ಕಳ ಮೇಳ ಹುಟ್ಟಿತು. ಹಂಗಾರಕಟ್ಟೆಯಲ್ಲಿ ಕಲಾಕೇಂದ್ರ ನಡೆಯಿತು. ಅಮೆರಿಕೆಯ ಮಾರ್ತಾ ಆಶ್ಟನ್ ನಮ್ಮಲ್ಲಿಗೆ ಬಂದು ಹಿರಿಯಡಕ ಗೋಪಾಲರಾಯರ ಬಳಿ ಕಲಿತು, ಬ್ರೂಸ್ ಕ್ರಿಸ್ಟಿಯವರೊಡನೆ 1977ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವನ್ನೇ ಬರೆದರು. ಇವೆಲ್ಲ ಉಪಕಾರಗಳೇ; ನಾನು ಕೃತಘ್ನನಲ್ಲ. ಆದರೂ ಒಂದು ಪ್ರಶ್ನೆಯನ್ನು ಹಿಂದೊಮ್ಮೆ ಈ ಅಂಕಣದಲ್ಲಿ ಎತ್ತಿದ್ದಕ್ಕೆ, ಶಾಸ್ತ್ರಪಕ್ಷದ ಮಹನೀಯರೊಬ್ಬರು ಅದನ್ನು ಅಡುಗೂಲಜ್ಜಿಯ ವಾದವೆಂದು ಹಳಿದು ದೀರ್ಘವಾದ ಪತ್ರ ಬರೆದಿದ್ದರು. ಅಜ್ಜಿ ಇನ್ನೂ ಬದುಕಿದ್ದಾಳೆಂದು ಅವರಿಗೆ ತಿಳಿಸುವ ಅವಕಾಶ ಈಗ ಒದಗಿದೆ.

ನನ್ನ ಪ್ರಶ್ನೆ ಇದು: ಕೇಂದ್ರದಲ್ಲಿ ಹೆಜ್ಜೆ ಕಲಿಸಿದ ಮಟಪಾಡಿ ವೀರಭದ್ರ ನಾಯಕರು ಹೆಜ್ಜೆ ಕಲಿತದ್ದು ಯಾವ ಕೇಂದ್ರದಲ್ಲಿ? ಮದ್ದಳೆ ಕಲಿಸಿದ ಗೋಪಾಲರಾಯರು, 1919ರಲ್ಲಿ ಹುಟ್ಟಿ ನೂರು ವರ್ಷ ತುಂಬಿಸಿ 2020ರಲ್ಲಿ ತೀರಿಕೊಂಡ ಆ ಮಹಾನುಭಾವರು, ಏರು ಮದ್ದಳೆಯನ್ನು ರೂಢಿಗೆ ತಂದುದು ಯಾವ ಪಠ್ಯಕ್ರಮದ ಎಷ್ಟನೆಯ ಪಾಠವನ್ನು ಓದಿ? ಶಾಸ್ತ್ರವನ್ನು ಬರೆದವರೂ ಬೋಧಿಸಿದವರೂ ಶಾಸ್ತ್ರದಿಂದ ಕಲಿತವರಲ್ಲ. ಹೋಗನ್ನನಂತೆಯೇ ಚೀಲ ಹೊತ್ತವರು.

ಇಷ್ಟರಿಂದ ಹಳೆಯ ಮೇಳಗಳಲ್ಲಿ ತಂತ್ರವಿರಲಿಲ್ಲ, ಎಲ್ಲವೂ ಹಕ್ಕಿಯ ಹಾಡಿನಂತೆ ತಾನಾಗಿ ಬರುತ್ತಿತ್ತೆಂದು ಭಾವುಕತೆಯಿಂದ ಕರಗುವ ಸಹಜವಾದಿಗಳಿಗೂ ನಾನು ಜೊತೆಗಾರನಲ್ಲ. ತಂತ್ರ ಇತ್ತು, ಕಠೋರವಾಗಿಯೇ ಇತ್ತು, ಇಲ್ಲದಿದ್ದುದು ವಿವರಣೆ. ಹತ್ತು ಹನ್ನೆರಡರ ಹುಡುಗ ಮೇಳಕ್ಕೆ ಸೇರಿದನೆಂದರೆ, ನೀರು ತರುವುದು, ವೇಷದ ಬಟ್ಟೆ ಮಡಿಸುವುದು, ಇರುಳಿನ ಮೊದಲ ಜಾವದಲ್ಲಿ ಕೋಡಂಗಿಯಾಗಿ ಕುಣಿದು ಬರುವುದು. ಕೋಡಂಗಿ ಪಕ್ವವಾದ ಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ, ಒಡ್ಡೋಲಗದ ಚಿಕ್ಕ ವೇಷ; ಮುಂಡಾಸಿಗೆ ತಲೆಯೊಡ್ಡುವುದು ಎಷ್ಟೋ ತಿರುಗಾಟಗಳ ಅನಂತರದ ಮಾತು. ಕೋಡಂಗಿ ಕುಣಿದು ಬಂದ ಹುಡುಗನಿಗೆ ಚೌಕಿಯ ಮೂಲೆಯಲ್ಲಿ ನಿದ್ದೆ. ಬೆಳಗಿನ ಜಾವ ಎರಡನೇ ವೇಷ ಪ್ರವೇಶಿಸುವ ಹೊತ್ತಿಗೆ ಹಿರಿಯರು ಕಾಲಿನಿಂದ ತಿವಿದು ಎಬ್ಬಿಸಿ, “ಕಂಡ್ ಕಲಿ ಮಾಣಿ, ಕೇಂಡ್ರೆ ಬತ್ತಿಲ್ಲೆ” ಎಂದು ರಂಗಸ್ಥಳದ ಹಿಂದೆ ನಿಲ್ಲಿಸುತ್ತಿದ್ದರು. ಅವನು ಕಾಣುತ್ತಿದ್ದುದೇನು? ಪ್ರೇಕ್ಷಕರು ಕಾಣುವ ಮುಖವರ್ಣಿಕೆಯಲ್ಲ, ಕಣ್ಣಿನ ಕೆಂಪಲ್ಲ; ತೆರೆಕುಣಿತದಲ್ಲಿ ನಿಂತ ವೇಷದ ಬೆನ್ನನ್ನು, ಹಿಮ್ಮಡಿಯನ್ನು. ಯಾವ ಕಾಲಿನ ಮೇಲೆ ಭಾರ ಇಳಿದಿದೆ, ಮದ್ದಳೆಯ ಪೆಟ್ಟು ಬೀಳುವ ಮೊದಲು ಯಾವ ಹಿಮ್ಮಡಿ ನೆಲವನ್ನು ಬಿಟ್ಟಿತು, ಭುಜ ಏರಿತೋ ಇಲ್ಲವೋ ಎಂಬುದೆಲ್ಲ ಹಿಂದಿನಿಂದ ನೋಡಿದವನಿಗೆ ಮಾತ್ರ ಸಿಕ್ಕುವ ವಿದ್ಯೆ. ಇಂದಿನ ತರಗತಿಯ ವಿದ್ಯಾರ್ಥಿ ಗುರುವಿನ ಎದುರಿಗೆ ನಿಲ್ಲುತ್ತಾನೆ, ಇಲ್ಲವೆ ಮೊಬೈಲಿನಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳುತ್ತಾನೆ.

ಹಾರಾಡಿ ತಿಟ್ಟು, ಮಟಪಾಡಿ ತಿಟ್ಟು ಎಂಬ ನಮ್ಮ ಪುರಾತನ ಕಲಹವೂ ಇದನ್ನೇ ಹೇಳುತ್ತದೆ. ಬ್ರಹ್ಮಾವರದ ಆಸುಪಾಸಿನ ಎರಡು ಊರುಗಳು; ಒಂದರ ಹೆಸರಿನಲ್ಲಿ ಗತ್ತು, ಗಾಂಭೀರ್ಯ, ಮಿತವಾದ ಕುಣಿತ; ಇನ್ನೊಂದರ ಹೆಸರಿನಲ್ಲಿ ಹೆಜ್ಜೆಗಾರಿಕೆಯ ವೈವಿಧ್ಯ. ಹಾರಾಡಿ ರಾಮ ಗಾಣಿಗರ ಕರ್ಣನನ್ನು ಕಂಡ ಹಿರಿಯರು ಇಂದಿಗೂ ಅವರ ಕುಣಿತವನ್ನು ವರ್ಣಿಸುವುದಿಲ್ಲ, ನಿಲುವನ್ನು ವರ್ಣಿಸುತ್ತಾರೆ. ಮಟಪಾಡಿಯ ಹೆಜ್ಜೆಯನ್ನು ಬಾಯಿತಾಳ ಸಹಿತ ಕಾಗದಕ್ಕಿಳಿಸಬಹುದು, ಆದುದರಿಂದ ಅದು ತರಗತಿಗೆ ಒಗ್ಗಿತು; ಹಾರಾಡಿಯ ನಿಲುವನ್ನು ಇಳಿಸಲು ಲೇಖಣಿಯಿಲ್ಲದ್ದರಿಂದ ಅದು ಕ್ಷೀಣಿಸಿತು. ಇದು ನನ್ನ ಅಭಿಪ್ರಾಯ. ಮಟಪಾಡಿಯ ಅಭಿಮಾನಿಗಳು ಮುನಿಯಬಾರದು, ಮುನಿದರೆ ಪತ್ರ ಬರೆಯಲಿ, ಮಳೆಗಾಲದಲ್ಲಿ ನನಗೂ ವಿಷಯ ಬೇಕು.

ಅಳಿಯನ ರೋಗ ನಮ್ಮವರಿಗೆ ಅವನಷ್ಟು ಉಗ್ರವಾಗಿ ತಗಲದಿರಲು ಒಂದು ಕಾರಣವುಂಟು. ಗಾಲ್ಫಿನ ಚೆಂಡು ಹೊಡೆಯುವವನಿಗಾಗಿ ಕಾದು ಕೂತಿರುತ್ತದೆ, ಆ ಕಾಯುವಿಕೆಯೇ ಮನಸ್ಸಿಗೆ ಕಿಡಿಗೇಡಿತನಕ್ಕೆ ಸಮಯ ಕೊಡುತ್ತದೆ. ಮದ್ದಳೆ ಯಾರಿಗೂ ಕಾಯುವುದಿಲ್ಲ. ಆದರೆ ಭಾಗವತರು ಉತ್ಸಾಹ ಬಂದು ಪದ್ಯದ ಸಾಲೊಂದನ್ನು ಮತ್ತೆ ಎತ್ತಿಕೊಂಡಾಗ, ಗುಂಡ್ಮಿ ಕಾಳಿಂಗ ನಾವಡರ ಕಾಲದಿಂದೀಚೆಗೆ ಇದು ಸಾಮಾನ್ಯವೇ ಆಗಿದೆ, ಎಣಿಸಿ ಕಲಿತವನ ಹೆಜ್ಜೆ ಮುಗಿದುಹೋಗಿರುತ್ತದೆ, ಪದ್ಯ ಉಳಿದಿರುತ್ತದೆ. ಉಳಿದುದನ್ನು ತುಂಬಲು ಅವನು ಮಾಡುವುದೇನು? ಮಂಡಿ ಹಾಕುತ್ತಾನೆ. ಮೊಣಕಾಲೂರಿ ಗಿರಗಿರನೆ ಸುತ್ತುವ ಈ ವಿದ್ಯೆಗೆ ಡೇರೆಯಲ್ಲಿ ಸಿಳ್ಳೆ ಬೀಳುತ್ತದೆ. ಧರ್ಮರಾಯನೂ ಮಂಡಿ ಹಾಕುವ ದಿನ ದೂರವಿಲ್ಲ. ಅಭಿಮನ್ಯುವಿಗೆ ಒಪ್ಪುವುದು ಎಲ್ಲರಿಗೂ ಒಪ್ಪುವುದೆಂದು ಯಾವ ಗುರುವೂ ಹೇಳಿಕೊಡಲಿಲ್ಲ, ಒಪ್ಪದೆಂದೂ ಹೇಳಲಿಲ್ಲ. ಪಠ್ಯದಲ್ಲಿ ಅದು ಇಲ್ಲ.

ಈ ವಿಚಾರದಲ್ಲಿ ನನಗೆ ಬೆಳಕು ತೋರಿಸುವುದು ವ್ಯಾಸಭಾರತದ ಶಲ್ಯಪರ್ವ. ನಮ್ಮ ಗದಾಯುದ್ಧ ಪ್ರಸಂಗವನ್ನು ಬೆಳಗಿನ ತನಕ ನೋಡಿ ಬಂದವರು ಒಮ್ಮೆ ಮೂಲವನ್ನೂ ನೋಡಬೇಕು. ಭೀಮ ದುರ್ಯೋಧನರಿಬ್ಬರಲ್ಲಿ ಯಾರು ಮೇಲೆಂದು ಅರ್ಜುನ ಕೇಳಿದಾಗ ಕೃಷ್ಣನು ಹೇಳುವ ಉತ್ತರವು ನುರಿತ ರಸಿಕನೊಬ್ಬನ ತೀರ್ಪಿನಂತಿದೆ: ಇಬ್ಬರಿಗೂ ಆದ ಉಪದೇಶ ಸಮಾನ, ಬಲದಲ್ಲಿ ಭೀಮ ಮೇಲು, ಅಭ್ಯಾಸದಲ್ಲಿ ದುರ್ಯೋಧನ ಮೇಲು. ಪಾಂಡವರು ಕಾಡುಮೇಡು ಅಲೆಯುತ್ತಿದ್ದ ಹದಿಮೂರು ವರ್ಷವೂ ಕೌರವನು ಭೀಮನನ್ನು ಕೊಲ್ಲುವ ಆಸೆಯಿಂದ ಕಬ್ಬಿಣದ ಪುರುಷನೊಬ್ಬನನ್ನು ಮುಂದಿಟ್ಟುಕೊಂಡು ಗದೆ ಬೀಸಿ ಬೀಸಿ ಸಾಧನೆ ಮಾಡಿದ್ದನಂತೆ. ಅಳಿಯನ ಗುರುವು ಹಿಡಿದ ಚಲನಚಿತ್ರಕ್ಕೂ ಆ ಕಬ್ಬಿಣದ ಭೀಮನಿಗೂ ವ್ಯತ್ಯಾಸವೇನೂ ಬಹಳವಿಲ್ಲ. ಯುದ್ಧ ತೊಡಗಿದೊಡನೆ ಕವಿಯು ಪಟ್ಟುಗಳ ಹೆಸರುಗಳನ್ನೇ ಸಾಲಾಗಿ ಹೇಳುತ್ತಾನೆ: ಮಂಡಲ ಸುತ್ತುವುದು, ಮುಂದೆ ಸರಿದು ಹಿಂದೆ ಬರುವುದು, ಪೆಟ್ಟನ್ನು ತಪ್ಪಿಸುವುದು, ಕುಗ್ಗುವುದು, ಹಾರುವುದು, ಮೇಲೆ ಬೀಳುವುದು, ಅಲ್ಲಾಡದೆ ನಿಲ್ಲುವುದು. ಈ ವಿದ್ಯೆಗಳಲ್ಲಿ ಕೌರವನ ಕೈ ಮೇಲಾಗಿಯೇ ಇರುತ್ತದೆ; ಭೀಮನು ಪೆಟ್ಟು ತಿಂದು ತತ್ತರಿಸುತ್ತಾನೆ.

ಆದರೂ ಕೌರವನು ಸೋತದ್ದು ಹೇಗೆಂದರೆ, ಅರ್ಜುನನು ತೊಡೆ ತಟ್ಟಿ ಸಂಜ್ಞೆ ಮಾಡಿದ್ದರಿಂದ ಎಂದು ಎಲ್ಲರೂ ಹೇಳುತ್ತಾರೆ. ಸಂಜ್ಞೆ ನಿಜ. ಆದರೆ ಅದಾದ ಮೇಲಿನ ಒಂದು ಸೂಕ್ಷ್ಮವನ್ನು ಕವಿ ಗುರುತಿಸಿದ್ದಾನೆ. ಭೀಮನು ನುಗ್ಗಿ ಬರುವಾಗ ಕೌರವನು ಮೊದಲು ನಿಲ್ಲುವ ಪಟ್ಟನ್ನು ಮನಸ್ಸಿಗೆ ತಂದುಕೊಂಡನು. ಮರುಕ್ಷಣವೇ, ಭೀಮನನ್ನು ವಂಚಿಸಬೇಕೆಂದು, ಮೇಲಕ್ಕೆ ಹಾರುವ ಪಟ್ಟಿಗೆ ಹೊರಳಿದನು. ಅವನ ಆಲೋಚನೆಯನ್ನು ಭೀಮನು ಮೈಯಿಂದಲೇ ಓದಿ, ನೆಲ ಬಿಟ್ಟ ತೊಡೆಗಳ ಮೇಲೆ ಗದೆಯನ್ನು ಇಳಿಸಿದನು. ಹದಿಮೂರು ವರ್ಷದ ಅಭ್ಯಾಸಿ ಬಿದ್ದದ್ದು ವಿದ್ಯೆ ಸಾಲದೆ ಅಲ್ಲ. ಎರಡು ವಿದ್ಯೆಗಳ ನಡುವೆ ಆರಿಸುತ್ತ ನಿಂತು. ಕಬ್ಬಿಣದ ಭೀಮನಿಗೆ ಎದುರಾಳಿಯ ಮನಸ್ಸನ್ನು ಓದುವ ಅಭ್ಯಾಸವಿರಲಿಲ್ಲವಷ್ಟೆ. ಆಗ ಸಿಟ್ಟಿಗೆದ್ದವನು ಯಾರು? ಇಬ್ಬರಿಗೂ ಗುರುವಾದ ಬಲರಾಮ. ನಾಭಿಯ ಕೆಳಗೆ ಹೊಡೆಯಕೂಡದೆಂಬುದು ಶಾಸ್ತ್ರವೆಂದು ಕೂಗುತ್ತ ಭೀಮನ ಮೇಲೆ ಏರಿ ಹೋಗುತ್ತಾನೆ. ಕೃಷ್ಣ ತಬ್ಬಿ ಹಿಡಿದು ನಿಲ್ಲಿಸಬೇಕಾಯಿತು. ನನಗೆ ಪತ್ರ ಬರೆದ ಮಹನೀಯರ ನೆನಪು ಪ್ರತಿ ಸಲ ಇಲ್ಲಿ ಬರುತ್ತದೆ.

ರಂಗಸ್ಥಳದಲ್ಲಿ ಈ ಒಂದು ಎಡೆಯನ್ನು, ನಿಲ್ಲುವುದೋ ಹಾರುವುದೋ ಎಂದು ಕೌರವನ ಹಿಮ್ಮಡಿ ತೂಗುವ ಅರೆಪೆಟ್ಟಿನ ಕಾಲವನ್ನು, ಕಾಣಿಸಿದ ವೇಷಧಾರಿಗಳು ವಿರಳ. ಹೆಚ್ಚಿನವರು ಚೆಂಡೆ ಏರುವ ಮೊದಲೇ ಹಾರಿಬಿಡುತ್ತಾರೆ, ಜನರೂ ಸಿಳ್ಳೆ ಹೊಡೆಯುತ್ತಾರೆ. ಅದನ್ನೂ ಪಠ್ಯದಲ್ಲಿ ಸೇರಿಸಿ ಅಂಕ ನಿಗದಿ ಮಾಡಬಹುದೆಂದು ಶಾಸ್ತ್ರಪಕ್ಷದವರು ಹೇಳಿಯಾರು. ಧಾರಾಳವಾಗಿ ಸೇರಿಸಲಿ, ಪರೀಕ್ಷಕರು ಯಾರೆಂಬುದನ್ನು ಮಾತ್ರ ಮೊದಲೇ ತಿಳಿಸುವ ಕೃಪೆ ಮಾಡಲಿ.