ಹೆಸರುಂಟು, ಬಾಳಿಲ್ಲ

ಮನೆಯ ಯಜಮಾನ ತೀರಿಕೊಂಡ ಮೇಲೆ ಸಾಲಗಾಮೆ ಹೋಬಳಿಯ ರೈತ ಕುಟುಂಬಕ್ಕೆ ಒಂದು ಕಾಗದ ಬೇಕಾಗುತ್ತದೆ. ಜಮೀನು ಮಕ್ಕಳ ಹೆಸರಿಗೆ ಪೌತಿ ಖಾತೆ ಆಗಬೇಕಾದರೆ ನಾಡಕಚೇರಿಗೆ ಅರ್ಜಿ ಕೊಟ್ಟು ವಂಶವೃಕ್ಷ ಮಾಡಿಸಬೇಕು. ಊರಿನವರ ಹೇಳಿಕೆ ಪಡೆದು ಮಹಜರು ಬರೆಯುತ್ತಾರೆ. ಮೇಲೆ ಮೂಲಪುರುಷ, ಪಕ್ಕದಲ್ಲಿ ಹೆಂಡತಿ, ಕೆಳಗೆ ಮಕ್ಕಳು; ಸತ್ತವರ ಮುಂದೆ ‘ಮೃತ’ ಎಂಬ ಗುರುತು, ಬದುಕಿರುವವರ ಮುಂದೆ ವಯಸ್ಸು. ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರ ಬಗ್ಗೆ ಬರಹದಲ್ಲಿ ಉಳಿದಿರುವುದು ಇಷ್ಟೇ.

ಇದು ಆಸ್ತಿಗಾಗಿ ಹುಟ್ಟಿದ ಪತ್ರ. ಆ ಕೆಲಸಕ್ಕೆ ಅಷ್ಟು ಸಾಕು. ನನ್ನ ತಕರಾರಿರುವುದು ಆಸ್ತಿಯ ಹಂಗಿಲ್ಲದೆ, ಬರೀ ಅಭಿಮಾನದಿಂದ ನಾವು ಅಚ್ಚು ಹಾಕಿಸುವ ಮನೆತನದ ಪುಸ್ತಕಗಳ ಬಗ್ಗೆ. ಹಿರಿಯರೊಬ್ಬರ ಸಹಸ್ರ ಚಂದ್ರ ದರ್ಶನಕ್ಕೋ, ಮನೆದೇವರ ಗುಡಿಯ ಜೀರ್ಣೋದ್ಧಾರಕ್ಕೋ, ಹಂಚಿಹೋದ ದಾಯಾದಿಗಳೆಲ್ಲ ಸೇರುವ ಕುಟುಂಬ ಸಮ್ಮಿಲನಕ್ಕೋ ಇಂಥ ಪುಸ್ತಕಗಳು ಹೊರಬರುತ್ತವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಮನೆಗಳಲ್ಲಿ ಇವನ್ನು ನೋಡಿದವರಿಗೆ ಇವುಗಳ ಅಚ್ಚು ಗೊತ್ತು. ಮೊದಲ ಪುಟದಲ್ಲಿ ಮನೆದೇವರ ಚಿತ್ರ, ಆಮೇಲೆ ಸ್ವಾಮೀಜಿಯವರ ಆಶೀರ್ವಚನ, ಆಮೇಲೆ ಮೂಲಪುರುಷ ಎಲ್ಲಿಂದಲೋ ಬಂದು ನೆಲೆನಿಂತ ಕಥೆ, ಕೊನೆಗೆ ಮಡಿಸಿಟ್ಟ ದೊಡ್ಡ ಹಾಳೆಯಲ್ಲಿ ವಂಶವೃಕ್ಷ. ನಡುವೆ ಒಬ್ಬೊಬ್ಬರಿಗೂ ಎರಡೆರಡು ಸಾಲು: ಹೆಸರು, ಓದು, ಉದ್ಯೋಗ, ಈಗಿರುವ ಊರು, ‘ಮಕ್ಕಳು: ಗಂಡು 2, ಹೆಣ್ಣು 3’.

ಈ ಪುಸ್ತಕಗಳು ಮಾಡಿರುವ ಉಪಕಾರವನ್ನು ಮೊದಲು ಒಪ್ಪಿಕೊಳ್ಳಬೇಕು. ಮೂರು ತಲೆಮಾರಿನ ಹಿಂದಿನ ಹೆಸರು ಹೇಳಬಲ್ಲ ಅಜ್ಜಿ ತಾತಂದಿರು ಹೋಗುವ ಮುನ್ನ ಅವರ ಬಾಯಿಂದ ಹೆಸರುಗಳನ್ನು ಹಿಡಿದಿಟ್ಟವು ಇವೇ. ಬೆಂಗಳೂರು ಸೇರಿದ ಮೊಮ್ಮಕ್ಕಳಿಗೆ ಮೂಲ ಊರು ತೋರಿಸಿದ್ದೂ ಇವೇ. ಮನೆದೇವರ ಜಾಡು ಹಿಡಿದು ಹೊರಟರೆ ಮನೆತನದ ವಲಸೆ ತಿಳಿಯುತ್ತದೆ ಎಂಬ ಹಳ್ಳಿಯ ವಿವೇಕವನ್ನು ಇವು ಚೆನ್ನಾಗಿ ಬಳಸಿಕೊಂಡಿವೆ. ಹತ್ತಾರು ಮೈಲಿ ದೂರದ ಗುಡಿಗೆ ಒಕ್ಕಲಾಗಿ ಇಂದಿಗೂ ಮುಡಿ ಕೊಡಲು ಹೋಗುವ ಕುಟುಂಬ ಒಂದು ಕಾಲಕ್ಕೆ ಆ ಗುಡಿಯ ಸೀಮೆಯಲ್ಲೇ ಇದ್ದಿರುವ ಸಂಭವ ಹೆಚ್ಚು. ತಮಿಳು-ಮಲೆಯಾಳ ಗಡಿಯ ಸೆಂಗೋಟೆಯ ಕಡೆಯಿಂದ ಬಂದವರೆಂಬ ನೆನಪನ್ನು ಕೌಶಿಕ, ಬೆಟ್ಟದಪುರ, ರುದ್ರಪಟ್ಟಣದ ಕಡೆಯ ಸಂಕೇತಿಗಳು ನಾಚಾರಮ್ಮನ ಕಥೆಯ ಜೊತೆಗೆ ಇಷ್ಟು ಕಾಲ ಉಳಿಸಿಕೊಂಡಿದ್ದಾರೆ. ಒಬ್ಬ ಹೆಂಗಸಿನ ನೋವನ್ನು ವಲಸೆಯ ಕಾರಣವಾಗಿ ನೆನೆಯುವ ಆ ಕಥೆ, ಗಂಡಸರ ಹೆಸರಿನ ಪಟ್ಟಿಗಿಂತ ಹೆಚ್ಚು ಚರಿತ್ರೆಯನ್ನು ಹೊತ್ತಿದೆ.

ಇಷ್ಟು ಒಪ್ಪಿದ ಮೇಲೆ ಕಟುವಾದ ಮಾತು ಹೇಳಬೇಕು. ನಮ್ಮ ಮನೆತನದ ಪುಸ್ತಕಗಳು ಆಸ್ತಿಪತ್ರದ ಅಚ್ಚಿನಿಂದ ಹೊರಬಂದಿಲ್ಲ. ಯಾರಿಗೆ ಜಮೀನು ಹೋಯಿತೋ ಅವರ ಹೆಸರು ಮುಂದುವರಿಯುತ್ತದೆ, ಯಾರಿಗೆ ಹೋಗಲಿಲ್ಲವೋ ಅವರ ಗೆರೆ ಅಲ್ಲಿಗೇ ನಿಲ್ಲುತ್ತದೆ. ‘ಹೆಣ್ಣು 3’ ಎಂಬುದು ಇದರ ಕುರುಹು. ಆ ಮೂವರಿಗೂ ಹೆಸರಿತ್ತು, ಒಬ್ಬೊಬ್ಬಳೂ ಒಂದೊಂದು ಊರಿಗೆ ಸೊಸೆಯಾಗಿ ಹೋಗಿ ಒಂದೊಂದು ಮನೆ ಕಟ್ಟಿದಳು. ಹೋದ ಮನೆಯ ಪುಸ್ತಕದಲ್ಲಿ ಅವಳು ಇಂಥವನ ಹೆಂಡತಿ. ಅವಳ ತವರು ಯಾವುದೆಂದು ಅಲ್ಲಿ ಬರೆದಿರುವುದಿಲ್ಲ. ಎರಡು ಮನೆಗಳ ಪುಸ್ತಕಗಳ ನಡುವೆ ಅವಳು ಕಳೆದೇಹೋಗುತ್ತಾಳೆ.

ಶಾಸ್ತ್ರವಾಗಲಿ ಕಾನೂನಾಗಲಿ ಇದಕ್ಕೆ ನೆಪ ಕೊಡುವುದಿಲ್ಲ. ಮಹಾಲಯದ ತರ್ಪಣದಲ್ಲಿ ತಂದೆ, ತಾತ, ಮುತ್ತಾತನ ಜೊತೆ ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರನ್ನೂ ತಾಯಿಯ ತವರಿನ ಹಿರಿಯರ ಹೆಸರನ್ನೂ ಹೇಳಿ ನೀರು ಬಿಡುತ್ತಾರೆ. ಬಾಯಲ್ಲಿ ಹೇಳುವ ಹೆಸರನ್ನು ಪುಸ್ತಕದಲ್ಲಿ ಬರೆಯಲು ಅಡ್ಡಿಯೇನು? ಕಾನೂನು ಇನ್ನೂ ಮುಂದೆ ಹೋಗಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ಕರ್ನಾಟಕದ ತಿದ್ದುಪಡಿ 1994ರಲ್ಲೇ ಜಾರಿಗೆ ಬಂತು. ಕೇಂದ್ರದ ತಿದ್ದುಪಡಿ 2005ರಲ್ಲಿ ಬಂತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಹಾಗಾಗಿ ನಾಡಕಚೇರಿಯ ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಬರಲೇಬೇಕು. ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಬರೆಸಿಕೊಳ್ಳುವವರೂ ಆ ಪತ್ರದಲ್ಲಿ ಅವರ ಹೆಸರನ್ನು ತೋರಿಸಲೇಬೇಕು. ಪ್ರೀತಿಯಿಂದ ಅಚ್ಚಾದ ಪುಸ್ತಕ ಹೆಣ್ಣುಮಕ್ಕಳನ್ನು ಎಣಿಕೆಯಾಗಿಸಿದೆ, ಆಸ್ತಿಗಾಗಿ ಹುಟ್ಟಿದ ಸರ್ಕಾರಿ ಕಾಗದ ಅವರ ಹೆಸರು ಬರೆದಿದೆ. ನಮ್ಮ ಅಭಿಮಾನ ತಲೆತಗ್ಗಿಸಬೇಕಾದ ಸಂಗತಿ ಇದು.

ಈ ನೆಲದ ಹಳೆಯ ಬರಹಗಳು ಇದಕ್ಕಿಂತ ಉದಾರವಾಗಿದ್ದವು. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯ ದೊಡ್ಡಗದ್ದವಳ್ಳಿಯಲ್ಲಿ 12ನೇ ಶತಮಾನದ ಲಕ್ಷ್ಮೀದೇವಿ ಗುಡಿ ಕಟ್ಟಿಸಿದ ವ್ಯಾಪಾರಿ ಕುಲ್ಲಹಣ ರಾಹುತನ ಹೆಸರಿನ ಜೊತೆಗೆ ಅವನ ಹೆಂಡತಿ ಸಹಜಾದೇವಿಯ ಹೆಸರೂ ಉಳಿದಿದೆ. ಬೇಲೂರಿನ ಗುಡಿಯ ಶಿಲ್ಪಗಳ ಬುಡದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಅಂಗೈಯಗಲದ ಜಾಗದಲ್ಲಿ ಊರು, ತಂದೆ, ಮಗ. ಅವರು ಏನು ಮಾಡಿದರೆಂಬುದು ಮೇಲೆಯೇ ನಿಂತಿದೆ. ಹಳ್ಳಿಗಳ ವೀರಗಲ್ಲುಗಳು ತುರು ಮರಳಿಸಲು ಹೋಗಿ ಸತ್ತವನ ಹೆಸರನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ, ಅವನು ಹೇಗೆ ಸತ್ತನೆಂದು ಚಿತ್ರದಲ್ಲೇ ತೋರಿಸುತ್ತವೆ. 1902ರಲ್ಲಿ ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನ ಸಂಪುಟ ಹೊರತಂದಾಗ ಅರಸರ ಪ್ರಶಸ್ತಿಗಳ ಜೊತೆಗೆ ಇಂಥ ಸಾಮಾನ್ಯರ ಕಲ್ಲುಗಳೂ ಪುಸ್ತಕ ಸೇರಿದವು. ಅರಸರ ವಂಶಾವಳಿ ಯದುವಿನಿಂದ ಶುರುವಾಗಿ ಹುಲಿ ಕೊಂದ ಸಳನ ಮೂಲಕ ಇಳಿದುಬರುತ್ತದೆ. ಅದು ಸಿಂಹಾಸನಕ್ಕೆ ಬೇಕಾಗಿದ್ದ ಕಥೆ. ನಮ್ಮ ಮನೆತನದ ಪುಸ್ತಕಗಳು ಈ ಎರಡರಲ್ಲಿ ಅರಸರ ದಾರಿಯನ್ನೇ ಆರಿಸಿಕೊಂಡಿವೆ. ಮೂಲಪುರುಷ ಎಲ್ಲೆಡೆಯೂ ಪಂಡಿತ, ವೀರ, ಇಲ್ಲವೇ ದೈವಭಕ್ತ. ಬರ ತಾಳಲಾರದೆ, ಸಾಲ ತೀರಿಸಲಾರದೆ ರಾತ್ರೋರಾತ್ರಿ ಊರು ಬಿಟ್ಟ ಮೂಲಪುರುಷ ಒಬ್ಬನಾದರೂ ಕಾಣಿಸಬೇಕಿತ್ತು. ಊರು ಬಿಡಲು ಅವೇ ಅಲ್ಲವೇ ನಿಜವಾದ ಕಾರಣಗಳು!

ಸಾವಿನ ವಿಷಯದಲ್ಲಂತೂ ಮೌನ ಇನ್ನೂ ದಟ್ಟ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನಡುವೆ ಧಾತು-ಈಶ್ವರ ಸಂವತ್ಸರಗಳ ಮಹಾಬರ ಹಾದುಹೋಗಿತ್ತು. 1898ರಲ್ಲಿ ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು ಮುಂದಿನ ಹಲವು ದಶಕಗಳ ಕಾಲ ಹಳ್ಳಿಯವರನ್ನು ಮನೆ ಬಿಡಿಸಿ ಹೊಲದ ಗುಡಿಸಲಿಗೆ ಅಟ್ಟುತ್ತಲೇ ಇತ್ತು. ಆ ವರ್ಷಗಳಲ್ಲಿ ಒಂದು ಪೀಳಿಗೆಯ ಆರು ಮಕ್ಕಳಲ್ಲಿ ಒಬ್ಬನ ಗೆರೆ ಮಾತ್ರ ಕೆಳಗಿಳಿದಿದ್ದರೆ, ಉಳಿದ ಐವರು ಏನಾದರು ಎಂದು ಸಂಪಾದಕರು ಕೇಳಬೇಕಿತ್ತು. ‘ಸಂತಾನವಿಲ್ಲ’ ಎಂದು ಬರೆದು ಮುಂದೆ ಹೋಗಿದ್ದಾರೆ.

ಇದನ್ನೆಲ್ಲ ಬರೆಯಬಹುದು, ಬರೆದರೆ ಹಿರಿಯರಿಗೆ ಅಗೌರವವಲ್ಲ ಎಂದು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪ ತೋರಿಸಿಕೊಟ್ಟಿದ್ದಾರೆ. 1965ರ ‘ವಂಶವೃಕ್ಷ’ದಲ್ಲಿ ಶ್ರೀನಿವಾಸ ಶ್ರೋತ್ರಿಗಳು ಮನೆಯ ಹಳೆಯ ಕಾಗದಗಳನ್ನು ನೋಡುತ್ತ, ತಾವು ಯಾವ ವಂಶದ ಮರ್ಯಾದೆಗಾಗಿ ಬದುಕೆಲ್ಲ ತೇದರೋ ಆ ವಂಶದ ರಕ್ತ ತಮ್ಮದಲ್ಲ ಎಂದು ಅರಿಯುತ್ತಾರೆ. ಸುಳ್ಳಿನ ಬೇರು ಅಣ್ಣತಮ್ಮಂದಿರ ಆಸ್ತಿ ಜಗಳದಲ್ಲಿದೆ. ವಂಶಾವಳಿಯನ್ನು ಆಸ್ತಿ ಹೇಗೆ ತಿದ್ದುತ್ತದೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಗಟ್ಟಿಯಾದ ಚಿತ್ರವನ್ನು ನಾನು ಓದಿಲ್ಲ. ಸತ್ಯ ತಿಳಿದ ಶ್ರೋತ್ರಿಗಳು ಅದನ್ನು ಮುಚ್ಚಿಡದೆ ಆಸ್ತಿಯನ್ನು ಬಿಟ್ಟು ಹೊರಡುತ್ತಾರೆ.

1970ರ ‘ಗೃಹಭಂಗ’ ಇನ್ನೂ ಹತ್ತಿರದ್ದು. ಶಾನುಭೋಗಿಕೆಯ ಅಧಿಕಾರ ಗಂಡ ಚೆನ್ನಿಗರಾಯನದು, ಕೂತು ಲೆಕ್ಕ ಬರೆಯುವವಳು ನಂಜಮ್ಮ. ಸರ್ಕಾರದ ಕಡತದಲ್ಲಿ ಅವಳಿಲ್ಲ, ಕಾದಂಬರಿಯಲ್ಲಿ ಅವಳೇ ಇದ್ದಾಳೆ. ಪ್ಲೇಗು ಅವಳ ಬೆಳೆದ ಮಕ್ಕಳನ್ನು ಒಯ್ದು ಕೊನೆಗೆ ಅವಳನ್ನೂ ಒಯ್ಯುತ್ತದೆ. 1996ರ ಆತ್ಮಕಥೆ ‘ಭಿತ್ತಿ’ ಓದಿದವರಿಗೆ ಈ ನಂಜಮ್ಮನ ಹಿಂದೆ ಭೈರಪ್ಪನವರ ತಾಯಿ ನಿಂತಿರುವುದು ಕಾಣುತ್ತದೆ. ಭೈರಪ್ಪ ಎಳವೆಯಲ್ಲೇ ಪ್ಲೇಗಿಗೆ ಒಡಹುಟ್ಟಿದವರನ್ನು, ಆಮೇಲೆ ತಾಯಿಯನ್ನೂ ಕಳೆದುಕೊಂಡವರು. ತಂದೆಯ ಹೊಣೆಗೇಡಿತನವನ್ನು ಅವರು ಮುಚ್ಚಿಡಲಿಲ್ಲ, ಹಸಿವನ್ನೂ ಭಿಕ್ಷಾನ್ನವನ್ನೂ ಮುಚ್ಚಿಡಲಿಲ್ಲ. ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಇಲ್ಲಿ ಸಾಕ್ಷಿ ಹೇಳುವವನು ಮಗ, ಅವನ ಮನಸ್ಸು ಪೂರ್ತಿ ತಾಯಿಯ ಕಡೆಗಿದೆ; ತಂದೆಯ ಪರವಾಗಿ ಮಾತಾಡುವವರು ಯಾರೂ ಇಲ್ಲ. ಕಾದಂಬರಿಕಾರನಿಗೆ ಆ ಪಕ್ಷಪಾತ ಸಲ್ಲುತ್ತದೆ. ಮನೆತನದ ಚರಿತ್ರೆ ಬರೆಯುವವರು ಮಾತ್ರ ಇನ್ನೊಂದು ಬಾಯಿಯನ್ನೂ ಕೇಳಬೇಕು.

ಆ ಇನ್ನೊಂದು ಬಾಯಿಯನ್ನು ಕೇಳುವ ಪದ್ಧತಿ ನಮ್ಮಲ್ಲೇ ಇದೆ. ಹೆಳವರು ಎತ್ತಿನೊಂದಿಗೆ ಗಂಟೆ ಬಾರಿಸುತ್ತ ಬಂದು, ಜಗಲಿಯ ಮೇಲೆ ಕೂತು, ಆ ಮನೆಯ ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರನ್ನು, ಮದುವೆಯಾದವರನ್ನು, ಬೇರೆಯಾದವರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ದವಸವನ್ನೋ ಬಟ್ಟೆಯನ್ನೋ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಈ ಕ್ರಮದ ದೊಡ್ಡ ಗುಣ ಅದು ಮನೆಮಂದಿಯೆದುರು ಗಟ್ಟಿಯಾಗಿ ಹೇಳುವಂಥದ್ದು ಎಂಬುದು. ತಪ್ಪಿದ್ದರೆ ಒಳಗಿನಿಂದ ಅಜ್ಜಿ ತಿದ್ದಬಹುದು. ನಮ್ಮ ಪುಸ್ತಕಗಳು ಅಚ್ಚಿಗೆ ಹೋಗುವ ಮುನ್ನ ಎಲ್ಲ ಕವಲುಗಳ ಎದುರು, ಮುಖ್ಯವಾಗಿ ಕೊಟ್ಟ ಹೆಣ್ಣುಮಕ್ಕಳ ಎದುರು, ಹೀಗೆ ಒಮ್ಮೆ ಓದಿಸಿಕೊಂಡರೆ ಅರ್ಧ ದೋಷ ಅಲ್ಲೇ ಕಳೆಯುತ್ತದೆ.

ಇನ್ನರ್ಧ ದೋಷ ಕಳೆಯಲು ಕಾಗದ ಹುಡುಕಬೇಕು. ಬರೀ ಭೂಮಿಯಿದ್ದವರ ಕಾಗದ ಹುಡುಕಿದರೆ ಸಾಲದು. 1961ರ ಕಾಯ್ದೆ ಶಾನುಭೋಗ, ಪಟೇಲರ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡಿದಾಗ ತೋಟಿ, ತಳವಾರ, ನೀರುಗಂಟಿಗಳ ಇನಾಮು ಜಮೀನಿನ ಮರುಮಂಜೂರಾತಿಯ ಕಡತಗಳು ಹುಟ್ಟಿದವು. 1974ರ ಭೂಸುಧಾರಣೆಯ ನಂತರ ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ಹೇಳಿಕೆ ಕೊಟ್ಟರು. ಯಾವ ಹೊಲ, ಯಾರ ಕಾಲದಿಂದ ಉಳುಮೆ, ಗೇಣಿ ಎಷ್ಟು ಎಂಬುದನ್ನೆಲ್ಲ ಅಲ್ಲಿ ಹೇಳಬೇಕಿತ್ತು. ವಂಶಾವಳಿ ಬರೆಸುವ ಶಕ್ತಿಯಿಲ್ಲದಿದ್ದ ಕುಟುಂಬಗಳ ಹಿರಿಯರು ತಮ್ಮ ದುಡಿಮೆಯ ಬಗ್ಗೆ ಆಡಿದ ಮಾತು ಆ ಕಡತಗಳಲ್ಲಿದೆ. ದೊಡ್ಡ ಮನೆತನದವರು ತಮ್ಮ ಪುಸ್ತಕ ಬರೆಸುವಾಗ ಎದುರು ಪಕ್ಷದ ಈ ಹೇಳಿಕೆಗಳನ್ನೂ ಓದಬೇಕು. ತಾತ ನೂರು ಎಕರೆಯ ಒಡೆಯನಾಗಿದ್ದ ಎಂದು ಬರೆಯುವ ಮೊಮ್ಮಗ, ಆ ನೂರು ಎಕರೆಯನ್ನು ಯಾರು ಉತ್ತರೆಂದು ಬರೆಯದಿದ್ದರೆ ತಾತನ ಬಾಳನ್ನೇ ಅರ್ಧ ಬರೆದಂತಾಯಿತು.

ಹಳ್ಳಿಯ ಶಾಲೆಯ ದಾಖಲಾತಿ ಪುಸ್ತಕವೂ ಹೀಗೆಯೇ. ಮಗುವಿನ ಹೆಸರು, ಪೋಷಕರು, ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ ಅದರಲ್ಲಿರುತ್ತವೆ. ಕ್ರೈಸ್ತರಿಗೆ ಚರ್ಚಿನ ಜ್ಞಾನಸ್ನಾನದ ಪುಸ್ತಕವಿದೆ; ಅದರಲ್ಲಿ ತಾಯಿಯ ಹೆಸರೂ ಇರುತ್ತದೆ. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವುದನ್ನು ನೋಡಲು ಜನ ಸಾಲುಗಟ್ಟಿ ಹೋಗುತ್ತಾರೆ. ಆ ನೀರಿನಡಿ ಹೋದ ಊರುಗಳ ಕುಟುಂಬಗಳಿಗೆ ತೋರಿಸಲು ಮೂಲ ಮನೆಯಿಲ್ಲ, ಹೊಲದ ಬದುವಿಲ್ಲ. ಅವರ ಮನೆತನದ ಚರಿತ್ರೆ ಮೊದಲು ಬರೆಯಬೇಕಾದದ್ದು. ಊರನ್ನು ಕಣ್ಣಾರೆ ಕಂಡವರು ಈಗ ಮುದುಕರಾಗಿದ್ದಾರೆ.

ಇನ್ನು ಮುಂದೆ ಮನೆತನದ ಪುಸ್ತಕವೊಂದು ಕೈಗೆ ಬಂದರೆ ಅದನ್ನು ನಾನು ನಾಲ್ಕು ಪ್ರಶ್ನೆಗಳಿಂದ ಅಳೆಯುತ್ತೇನೆ. ಹುಟ್ಟಿದ ಹೆಣ್ಣುಮಕ್ಕಳ, ಬಂದ ಸೊಸೆಯಂದಿರ ಹೆಸರೂ ಊರೂ ಇವೆಯೇ? ಎಳವೆಯಲ್ಲಿ ಸತ್ತವರು ಹೇಗೆ ಸತ್ತರೆಂದು ಕೇಳಿದ್ದಾರೆಯೇ? ಮನೆಯ ದುಡಿಮೆ, ಸಾಲ, ಜಗಳ, ಜೀತ, ಗೇಣಿ ಇವುಗಳ ಮಾತಿದೆಯೇ? ಯಾವುದು ಕಾಗದದಿಂದ ಬಂದದ್ದು, ಯಾವುದು ಯಾರ ಬಾಯಿಂದ ಬಂದದ್ದು ಎಂದು ಹೇಳಿದ್ದಾರೆಯೇ? ಈ ನಾಲ್ಕಕ್ಕೂ ಉತ್ತರವಿರುವ ಇಪ್ಪತ್ತು ಪುಟದ ಪುಸ್ತಕ, ಹದಿನೈದು ತಲೆಮಾರಿನ ಹೆಸರು ಹೊತ್ತ ಇನ್ನೂರು ಪುಟದ ಪುಸ್ತಕಕ್ಕಿಂತ ಮೇಲು. ತಾತನ ತಾತನ ತಾತ ಯಾರೆಂದು ತಿಳಿಯದಿದ್ದರೆ ನಷ್ಟವೇನಿಲ್ಲ. ಅಜ್ಜಿಯ ತವರು ಯಾವುದು, ಅವಳು ಎಷ್ಟು ಮಕ್ಕಳನ್ನು ಹೆತ್ತು ಎಷ್ಟು ಮಕ್ಕಳನ್ನು ಮಣ್ಣು ಮಾಡಿದಳು, ಬರದ ವರ್ಷ ಮನೆಗೆ ಏನು ಬೇಯಿಸಿ ಹಾಕಿದಳು ಎಂಬುದನ್ನು ಅವಳನ್ನು ಕಂಡವರು ಇರುವಾಗಲೇ ಬರೆದುಕೊಳ್ಳದಿದ್ದರೆ ಅದು ನಷ್ಟ. ಪುಸ್ತಕ ಅಚ್ಚು ಹಾಕಿಸಲು ಹೊರಟವರು ಆ ಕೆಲಸದಿಂದಲೇ ಶುರುಮಾಡಲಿ.