ನ್ಯಾಯಯುದ್ಧ ಮತ್ತು ಪ್ರಾಯಶ್ಚಿತ್ತ: ಕ್ರೈಸ್ತ ಚಿಂತನೆಯ ಒಂದು ಮರೆತ ನೆಲೆ

ಕ್ರೈಸ್ತ ದೃಷ್ಟಿಯಿಂದ ಯುದ್ಧವನ್ನು ಸಮರ್ಥಿಸಲು ಸಾಧ್ಯವೇ ಎಂಬ ಚರ್ಚೆ ಸಾಮಾನ್ಯವಾಗಿ ಎರಡು ಪಕ್ಷಗಳಾಗಿ ಒಡೆದು ನಿಲ್ಲುತ್ತದೆ. ಯೇಸುವಿನ ಪರ್ವತ ಪ್ರಸಂಗವನ್ನು ಅಕ್ಷರಶಃ ಪಾಲಿಸಬೇಕೆನ್ನುವ ಮೆನೊನೈಟ್, ಕ್ವೇಕರ್ ಮೊದಲಾದ ಪಂಗಡಗಳದು ಒಂದು ಪಕ್ಷ. ಕೆಲವು ನಿಬಂಧನೆಗಳಿಗೆ ಒಳಪಟ್ಟ ಯುದ್ಧ ನ್ಯಾಯಸಮ್ಮತವೆನ್ನುವ ಪರಂಪರೆಯದು ಇನ್ನೊಂದು. ಇವೆರಡರ ನಡುವೆ ಮೂರನೆಯ ನೆಲೆಯೊಂದು ಶತಮಾನಗಳ ಕಾಲ ಜೀವಂತವಾಗಿತ್ತು. ಯುದ್ಧ ನ್ಯಾಯವಾದದ್ದೇ ಆಗಿರಲಿ, ಅದರಲ್ಲಿ ಕೊಂದವನು ಪ್ರಾಯಶ್ಚಿತ್ತಕ್ಕೆ ಒಳಗಾಗತಕ್ಕವನು ಎಂಬುದೇ ಆ ನೆಲೆ. ಅದು ಮರೆಯಾದುದರಿಂದ ನ್ಯಾಯಯುದ್ಧ ಸಿದ್ಧಾಂತಕ್ಕೆ ಒದಗಿದ ನಷ್ಟವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲ ಮೂರು ಶತಮಾನಗಳ ಲೇಖಕರಲ್ಲಿ ಟರ್ಟುಲಿಯನ್ ಮತ್ತು ಆರಿಜೆನ್ ಕ್ರೈಸ್ತರು ಆಯುಧ ಹಿಡಿಯುವುದನ್ನು ಒಪ್ಪಲಿಲ್ಲ. ಆದರೆ ರೋಮನ್ ಸೈನ್ಯದಲ್ಲಿ ಆಗಲೇ ಕ್ರೈಸ್ತ ಸೈನಿಕರಿದ್ದರೆಂಬುದೂ ನಿಜ. ಕಾನ್‌ಸ್ಟಂಟೈನನ ಬಳಿಕ ಸಾಮ್ರಾಜ್ಯವೇ ಕ್ರೈಸ್ತರ ಹೊಣೆಯಾದಾಗ ಪ್ರಶ್ನೆಯ ಸ್ವರೂಪ ಬದಲಾಯಿತು. ನ್ಯಾಯಯುದ್ಧ ಸಿದ್ಧಾಂತದ ಜನಕನೆಂದು ಅಗಸ್ಟೀನನನ್ನು (354–430) ಹೆಸರಿಸುವುದು ವಾಡಿಕೆ. ವಸ್ತುತಃ ಅವನು ಯುದ್ಧವನ್ನು ಕುರಿತು ಪ್ರತ್ಯೇಕ ಗ್ರಂಥವನ್ನೇ ರಚಿಸಲಿಲ್ಲ. ಪತ್ರಗಳಲ್ಲಿ, ಖಂಡನ ಗ್ರಂಥಗಳಲ್ಲಿ, ‘ದೇವರ ನಗರ’ದಲ್ಲಿ ಅವನ ಮಾತುಗಳು ಚದುರಿವೆ. ‘ದೇವರ ನಗರ’ದ ಹತ್ತೊಂಬತ್ತನೆಯ ಭಾಗದಲ್ಲಿ, ನ್ಯಾಯಯುದ್ಧವನ್ನು ಮಾಡಬೇಕಾಗಿ ಬಂದುದಕ್ಕಾಗಿಯೇ ವಿವೇಕಿಯು ಶೋಕಿಸಬೇಕೆಂದು ಅವನು ವಾದಿಸುತ್ತಾನೆ, ಶೋಕಿಸದವನು ಮಾನವೀಯ ಸಂವೇದನೆಯನ್ನೇ ಕಳೆದುಕೊಂಡವನೆಂಬುದು ಅವನ ಅಭಿಪ್ರಾಯ. ವ್ಯಾಂಡಲರು ಹಿಪ್ಪೋ ನಗರವನ್ನು ಮುತ್ತಿದ್ದಾಗಲೇ ಅವನು ತೀರಿಕೊಂಡ. ಮುಂದಿನವರು ಅವನ ಸಮರ್ಥನೆಯನ್ನು ಎತ್ತಿಕೊಂಡರು, ಶೋಕವನ್ನು ಬಿಟ್ಟರು.

ಈ ಶೋಕಕ್ಕೆ ಆಚರಣೆಯ ರೂಪ ಕೊಟ್ಟವನು ಅಗಸ್ಟೀನನಿಗಿಂತ ತುಸು ಹಿರಿಯನಾದ ಕೈಸರೇಯದ ಬೆಸಿಲ್. ಯುದ್ಧದಲ್ಲಿ ನಡೆದ ವಧೆಯನ್ನು ಹಿರಿಯರು ಕೊಲೆಯೆಂದು ಎಣಿಸಲಿಲ್ಲವೆಂದು ಅವನು ಒಪ್ಪುತ್ತಾನೆ. ಆದರೂ ಅಂಥ ಸೈನಿಕರ ಕೈ ಶುದ್ಧವಲ್ಲವಾದ್ದರಿಂದ ಮೂರು ವರ್ಷ ಅವರು ಪರಮಪ್ರಸಾದದಿಂದ ದೂರವಿರುವುದು ಒಳಿತೆಂದು ಸೂಚಿಸುತ್ತಾನೆ. ಕೊಲೆಯಲ್ಲ, ಆದರೆ ಕೈ ಶುದ್ಧವೂ ಅಲ್ಲ: ತರ್ಕಶಾಸ್ತ್ರಿಗೆ ಇದು ಅಸಂಗತವಾಗಿ ಕಾಣಬಹುದು. ರಣರಂಗದಿಂದ ಮರಳಿದವರನ್ನು ಕಂಡವರಿಗೆ ಹಾಗೆ ಕಾಣಲಾರದು.

ಈ ನೆಲೆಯ ಅತ್ಯಂತ ವಿವರವಾದ ದಾಖಲೆ ದೊರೆಯುವುದು ಹನ್ನೊಂದನೆಯ ಶತಮಾನದ ನಾರ್ಮಂಡಿಯಲ್ಲಿ. 1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಕದನದಲ್ಲಿ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಈ ದಂಡಯಾತ್ರೆಗೆ ಪೋಪ್ ಎರಡನೆಯ ಅಲೆಕ್ಸಾಂಡರ್ ಧ್ವಜವನ್ನು ಕಳುಹಿಸಿ ಸಮ್ಮತಿಸಿದನೆಂದು ಸಮಕಾಲೀನ ಚರಿತ್ರಕಾರನಾದ ಪಾಯ್ಟಿಯರ್ಸ್‌ನ ವಿಲಿಯಂ ಬರೆದಿದ್ದಾನೆ. ಇದನ್ನು ಸಂಶಯಿಸುವ ವಿದ್ವಾಂಸರೂ ಇದ್ದಾರೆ. ಅದೇನೇ ಇರಲಿ, ಗೆದ್ದ ಕೆಲವೇ ವರ್ಷಗಳಲ್ಲಿ ನಾರ್ಮಂಡಿಯ ಬಿಷಪರು ಗೆದ್ದವರ ಮೇಲೆಯೇ ಪ್ರಾಯಶ್ಚಿತ್ತವನ್ನು ವಿಧಿಸಿದರು; ಪೋಪರ ಪ್ರತಿನಿಧಿ ಎರ್ಮೆನ್‌ಫ್ರಿಡ್ ಅದನ್ನು ಸ್ಥಿರೀಕರಿಸಿದ. ಕೊಂದ ಪ್ರತಿಯೊಬ್ಬನಿಗೆ ಒಂದು ವರ್ಷ. ಹೊಡೆದವನು ಸತ್ತನೋ ಇಲ್ಲವೋ ತಿಳಿಯದಿದ್ದರೆ ತಲೆಗೆ ನಲವತ್ತು ದಿನ. ಎಷ್ಟು ಮಂದಿಯನ್ನು ಕೊಂದೆನೆಂಬ ಲೆಕ್ಕವೇ ತಿಳಿಯದವನು ಬದುಕಿರುವವರೆಗೆ ವಾರಕ್ಕೊಂದು ದಿನ ಪ್ರಾಯಶ್ಚಿತ್ತ ನಡೆಸಬೇಕು, ಇಲ್ಲವೇ ಒಂದು ದೇವಾಲಯವನ್ನು ಕಟ್ಟಿಸಬೇಕು ಅಥವಾ ಅದಕ್ಕೆ ದತ್ತಿ ಬಿಡಬೇಕು. ಯಾರನ್ನೂ ಹೊಡೆಯದೆ ಹೊಡೆಯಬೇಕೆಂದು ಬಯಸಿದವನಿಗೂ ಮೂರು ದಿನ. ತಮ್ಮ ಬಾಣ ಯಾರಿಗೆ ನಾಟಿತೆಂದು ತಿಳಿಯಲಾರದ ಬಿಲ್ಲುಗಾರರಿಗೆ ಮೂರು ತಪಸ್ಸುಕಾಲಗಳಷ್ಟು. ಕೇವಲ ಲಾಭಕ್ಕಾಗಿ ಕಾದಿದವನು ಸಾಮಾನ್ಯ ಕೊಲೆಗಾರನ ಪ್ರಾಯಶ್ಚಿತ್ತಕ್ಕೆ ಗುರಿ.

ಈ ಶಾಸನವನ್ನು ಆದರ್ಶೀಕರಿಸುವ ಅಗತ್ಯವಿಲ್ಲ. ದೇವಾಲಯ ಕಟ್ಟಿಸಬಲ್ಲ ಸಾಮಂತನಿಗೆ ಬಿಡುಗಡೆಯ ದಾರಿಯಿದೆ, ಕಾಲಾಳಿಗೆ ಆಜೀವ ವಾರದ ವ್ರತವೇ ಗತಿ. ಅದಕ್ಕಿಂತ ಗಂಭೀರವಾದ ಲೋಪ ಇನ್ನೊಂದಿದೆ. ಪ್ರಾಯಶ್ಚಿತ್ತ ಸಲ್ಲುವುದು ದೇವರಿಗೆ. ಸತ್ತ ಇಂಗ್ಲಿಷ್ ರೈತನ ವಿಧವೆಗೆ ಇದರಲ್ಲಿ ಏನೂ ಇಲ್ಲ. ಹೀಗಿದ್ದೂ ಇಲ್ಲಿ ಯುದ್ಧದ ನ್ಯಾಯಾನ್ಯಾಯ ರಾಜನ ಮಟ್ಟದಲ್ಲೇ ತೀರ್ಮಾನವಾಗಿ ಮುಗಿಯುವುದಿಲ್ಲ. ಒಬ್ಬೊಬ್ಬ ಸೈನಿಕನ ಕೈಯ ಲೆಕ್ಕವಾಗಿ ಉಳಿಯುತ್ತದೆ.

ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಚಿತ್ರ ತಲೆಕೆಳಗಾಯಿತು. 1095ರ ನವೆಂಬರಿನಲ್ಲಿ ಕ್ಲೆರ್ಮಾಂಟ್ ಸಭೆಯಲ್ಲಿ ಪೋಪ್ ಎರಡನೆಯ ಅರ್ಬನ್, ಮಾನಧನಗಳ ಆಸೆಯಿಲ್ಲದೆ ಭಕ್ತಿಯಿಂದ ಜೆರೂಸಲೇಮಿನ ವಿಮೋಚನೆಗೆ ಹೊರಟವನಿಗೆ ಆ ಯಾತ್ರೆಯೇ ಸಕಲ ಪ್ರಾಯಶ್ಚಿತ್ತಕ್ಕೆ ಸಮವೆಂದು ಘೋಷಿಸಿದ. ಪ್ರಾಯಶ್ಚಿತ್ತವನ್ನು ಬೇಡುತ್ತಿದ್ದ ಯುದ್ಧ ಈಗ ತಾನೇ ಪ್ರಾಯಶ್ಚಿತ್ತವಾಯಿತು. 1099ರ ಜುಲೈನಲ್ಲಿ ಜೆರೂಸಲೇಮ್ ವಶವಾದಾಗ ಅಲ್ಲಿನ ಮುಸ್ಲಿಮರ ಮತ್ತು ಯೆಹೂದ್ಯರ ಹತ್ಯಾಕಾಂಡ ನಡೆಯಿತು. (ಕನ್ನಡ ಓದುಗರಿಗೆ ಇಲ್ಲಿ ಲಕ್ಷ್ಮೀಶನ ‘ಜೈಮಿನಿ ಭಾರತ’ ನೆನಪಾಗದಿರದು. ಬಂಧುವಧೆಯ ಪಾಪಕ್ಕೆ ಪರಿಹಾರವಾಗಿ ಧರ್ಮರಾಯ ಕೈಗೊಂಡ ಅಶ್ವಮೇಧ ಮತ್ತೆ ಯುದ್ಧಗಳ ಸರಣಿಯನ್ನೇ ತೆರೆಯುತ್ತದೆ. ಕವಿಗೆ ಇದು ಭಕ್ತಿಯ ಸಂದರ್ಭ; ವಿಮರ್ಶಕನಿಗೆ ಕಾಣುವ ಸಮಸ್ಯೆ ಮಾತ್ರ ಸಮಾನವಾದುದು.)

ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ನ್ಯಾಯಯುದ್ಧಕ್ಕೆ ಮೂರು ನಿಬಂಧನೆಗಳನ್ನು ಗೊತ್ತುಪಡಿಸಿದ: ಅರಸನ ಅಧಿಕಾರ, ನ್ಯಾಯವಾದ ಕಾರಣ, ಸದುದ್ದೇಶ. ಅವನು ಯುದ್ಧವನ್ನು ಚರ್ಚಿಸಿದ್ದು ಪ್ರೀತಿಗೆ ವಿರುದ್ಧವಾದ ದೋಷಗಳ ಪ್ರಕರಣದಲ್ಲಿ ಎಂಬುದನ್ನು ಮರೆಯಲಾಗದು. ಆದರೂ ಮೂರೂ ನಿಬಂಧನೆಗಳು ಯುದ್ಧಕ್ಕೆ ಮುನ್ನ ಕೇಳಬೇಕಾದವು. ಇವುಗಳಲ್ಲಿ ತೇರ್ಗಡೆಯಾದ ಯುದ್ಧದಿಂದ ಹಿಂದಿರುಗಿದವನು ಏನು ಮಾಡಬೇಕೆಂಬುದಕ್ಕೆ ಅಲ್ಲಿ ಸ್ಥಳವಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಪಟ್ಟಿಮಾಡಿದ ಕಠಿಣ ಷರತ್ತುಗಳಿಗೂ ಈ ಮಾತು ಅನ್ವಯಿಸುತ್ತದೆ. 2020ರ ‘ಫ್ರಾತೆಲ್ಲಿ ತುತ್ತಿ’ ಪರಿಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಇಂದಿನ ಆಯುಧಗಳ ಕಾಲದಲ್ಲಿ ಹಳೆಯ ಮಾನದಂಡಗಳನ್ನು ಬಳಸುವುದೇ ಕಷ್ಟವೆಂದರು. ಪ್ರಶ್ನೆಯನ್ನು ಅವರೂ ಯುದ್ಧದ ಹೊಸ್ತಿಲಲ್ಲಿಯೇ ನಿಲ್ಲಿಸಿದರು.

ಮರೆತ ನೆಲೆಗೆ ಅತ್ಯಂತ ಸಮೀಪ ಬಂದ ಆಧುನಿಕನೆಂದರೆ ಜರ್ಮನಿಯ ಲೂಥರನ್ ದೈವಶಾಸ್ತ್ರಜ್ಞ ಡೀಟ್ರಿಕ್ ಬೊನ್‌ಹೋಫರ್. ಶಾಂತಿವಾದದತ್ತ ಒಲಿದಿದ್ದ ಅವನು ಹಿಟ್ಲರನ ವಿರುದ್ಧದ ಸಂಚಿನಲ್ಲಿ ಪಾಲುಗೊಂಡು, 1945ರ ಏಪ್ರಿಲ್ 9ರಂದು ಗಲ್ಲಿಗೇರಿದ. ತನ್ನ ಕಾರ್ಯವನ್ನು ನಿರ್ದೋಷವೆಂದು ಸಾಧಿಸುವ ಗೋಜಿಗೆ ಅವನು ಹೋಗಲಿಲ್ಲ. ಹೊಣೆಯರಿತವನು ಇತರರಿಗಾಗಿ ದೋಷವನ್ನು ಹೊರಲು ಸಿದ್ಧನಿರಬೇಕು, ಹೊತ್ತ ಮೇಲೆ ಕ್ಷಮೆಯನ್ನು ದೇವರಿಂದಲೇ ನಿರೀಕ್ಷಿಸಬೇಕು ಎಂಬ ವಿಚಾರ ಅವನ ‘ನೀತಿಶಾಸ್ತ್ರ’ದಲ್ಲಿದೆ. ಬೆಸಿಲನ ಮಾತಿನ ಧಾಟಿ ಇದರಲ್ಲಿ ಕೇಳಿಸುತ್ತದೆ. ವ್ಯತ್ಯಾಸವೆಂದರೆ ಬೊನ್‌ಹೋಫರನ ಬೆನ್ನಿಗೆ ವರ್ಷಗಳನ್ನು ಎಣಿಸಿಕೊಡುವ ಧರ್ಮಸಭೆ ಇರಲಿಲ್ಲ. ಲೆಕ್ಕವನ್ನು ಅವನೊಬ್ಬನೇ ಇಟ್ಟುಕೊಳ್ಳಬೇಕಾಯಿತು.

ಯುದ್ಧದ ಕ್ರೈಸ್ತ ಸಮರ್ಥನೆಯನ್ನು ಇನ್ನು ಮುಂದೆ ಅಭ್ಯಸಿಸುವವರು ಅಕ್ವಿನಾಸನ ಮೂರು ನಿಬಂಧನೆಗಳ ಜೊತೆಗೆ ನಾರ್ಮಂಡಿಯ ಬಿಷಪರ ವಿಧಿಗಳನ್ನೂ ಮುಂದಿಟ್ಟುಕೊಳ್ಳುವುದು ಅವಶ್ಯ. ಅವುಗಳಲ್ಲಿ ಬಿಲ್ಲುಗಾರನನ್ನು ಕುರಿತದ್ದು ವಿಶೇಷ ಗಮನಕ್ಕೆ ಅರ್ಹವಾಗಿದೆ. ಸಾವಿರಾರು ಮೈಲಿ ದೂರದಿಂದ ಆಯುಧವನ್ನು ನಡೆಸುವ ಇಂದಿನ ಸೈನಿಕ, ಬಾಣ ಬಿಟ್ಟ ಆ ಬಿಲ್ಲುಗಾರನಿಗೆ ಸಮನೋ, ಅಥವಾ ತಾನು ಕೊಂದವನನ್ನು ಪರದೆಯ ಮೇಲೆ ಕಾಣುವುದರಿಂದ ತಲೆಗೊಂದು ವರ್ಷದ ವಿಧಿಗೆ ಸೇರಿದವನೋ ಎಂಬುದು ಈ ವಿಧಿಗಳನ್ನು ಇಂದು ಓದುವಾಗ ಎದುರಾಗುವ ಮೊದಲ ಪ್ರಶ್ನೆ.