ಅರಗಿನ ತಟ್ಟೆಯ ಮೇಲೆ ಪುಟ್ಟ ಮೌಸ್

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ವೈರ್‌ಲೆಸ್ ಮೌಸೊಂದನ್ನು ಚನ್ನಪಟ್ಟಣದ ಅರಗಿನ ತಟ್ಟೆಯ ಮೇಲೆ ಓಡಿಸಿ ನೋಡಿದೆ. ಪರದೆಯ ಬಾಣ ತಡವರಿಸಿತು. ತಪ್ಪು ಮೌಸಿನದಲ್ಲ, ತಟ್ಟೆಯ ನುಣುಪಿನದು. ಮೌಸಿನ ಹೊಟ್ಟೆಯ ಸೆನ್ಸರ್ ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆದು, ಒಂದರಿಂದ ಇನ್ನೊಂದಕ್ಕೆ ಎಷ್ಟು ಸರಿದೆವೆಂದು ಲೆಕ್ಕ ಹಾಕುತ್ತದೆ. ಗುರುತು ಹಿಡಿಯಲು ಅದಕ್ಕೆ ಕೊಂಚ ಒರಟು ಬೇಕು. ಚನ್ನಪಟ್ಟಣದ ಕೈಗಳು ಅಳಿಸುವುದೇ ಅದನ್ನು: ಲೇತಿನಲ್ಲಿ ಗಿರಗಿರ ತಿರುಗುವ ಆಲೆಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಹತ್ತುತ್ತದೆ, ಮೇಲೆ ತಾಳೆಗರಿಯ ಉಜ್ಜು. ಅಂಥ ಹೊಳಪಿನೆದುರು ಸೆನ್ಸರ್ ಸೋತರೆ ನನಗೇನೂ ಬೇಸರವಿಲ್ಲ.

ದಿನಪತ್ರಿಕೆ ಹಾಸಿದಾಗ ಸಲೀಸು. ಮೈಸೂರು ರೈಲಿನಲ್ಲಿ ತೊಡೆಯ ಮೇಲೂ ಪರವಾಗಿಲ್ಲ. ದೊಡ್ಡ ಕೈಯವರು ಮಾತ್ರ ಬೆರಳು ಮಡಚಿ ಹಿಡಿಯಬೇಕು. ಗಂಟೆಗಟ್ಟಲೆ ಆಗದ ಮಾತು.

ಅಂದಹಾಗೆ, ಡಗ್ಲಸ್ ಎಂಗೆಲ್‌ಬರ್ಟ್ ಕಲ್ಪಿಸಿ, ಬಿಲ್ ಇಂಗ್ಲಿಷ್ 1964ರಲ್ಲಿ ಮಾಡಿಕೊಟ್ಟ ಮೊದಲ ಮೌಸಿನ ಮೈ ಮರದ್ದೇ. ಅಡಿಯಲ್ಲಿ ಎರಡು ಲೋಹದ ಚಕ್ರ, ಮೇಲೆ ಒಂದೇ ಗುಂಡಿ. ಚನ್ನಪಟ್ಟಣದವರು ಆಲೆಮರದಲ್ಲೊಂದು ಕಡೆದರೆ ಕೊಳ್ಳಲು ನಾನು ಸಿದ್ಧ. ತಳಕ್ಕೂ ಅರಗು ಹಚ್ಚಲಿ, ಚೆನ್ನಾಗಿ ಜಾರುತ್ತದೆ.